ತೊಳೆದು ಒರೆಸಿ ಮಾರುತ್ತಿದ್ದವರು

ಅವರ ಬಲಗೈ ಕಿರುಬೆರಳಿನ ಉಗುರು ಅರ್ಧ ಇಂಚಿನಷ್ಟು ಉದ್ದವಿತ್ತು. ಉಳಿದ ಉಗುರುಗಳನ್ನೆಲ್ಲ ಬುಡದವರೆಗೆ ಕತ್ತರಿಸಿಕೊಂಡು ಇದೊಂದನ್ನು ಮಾತ್ರ ಮುದ್ದಿನಿಂದ ಬೆಳೆಸಿದ್ದರು. ಲೆನ್ಸಿನ ಅಂಚಿನಲ್ಲಿ ಕೂತ ಕೊಳೆ ಕೆರೆಯಲು, ಗಿರಾಕಿಯ ಎದುರು ಕ್ಯಾಮರಾದ ಮೈಮೇಲೆ ಟಕ್ ಟಕ್ ಎಂದು ಬಡಿದು ಅದರ ಗಟ್ಟಿತನ ತೋರಿಸಲು, ಮಾತಿನ ನಡುವೆ ಕಿವಿ ತುರಿಸಿಕೊಳ್ಳಲು, ಎಲ್ಲಕ್ಕೂ ಅದೇ ಉಗುರು. ಕಿವಿಯಿಂದ ಹೊರಬಂದದ್ದು ನೇರ ಲೆನ್ಸಿಗೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸತ್ತವರನ್ನು ಏಕವಚನದಲ್ಲಿ ಕರೆಯಬಾರದು ಎಂದು ಅಮ್ಮ ಹೇಳುತ್ತಾರೆ. ಆದ್ದರಿಂದ 'ಅವರು' ಎಂದು ಬರೆಯುತ್ತಿದ್ದೇನೆ. ಅದಕ್ಕಿಂತ ಹೆಚ್ಚಿನ ಮರ್ಯಾದೆ ನನ್ನಿಂದಾಗದು.

ಮಣಿಪಾಲದ ಹಾಸ್ಟೆಲುಗಳ ಕಡೆಗೆ ಹೋಗುವ ರಸ್ತೆಯಲ್ಲಿ, ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ಅವರ ಅಂಗಡಿ. 'ಪ್ರೊಫೆಷನಲ್ ರಿಫರ್ಬಿಶ್ಡ್ ಕ್ಯಾಮರಾಗಳು' ಎಂದು ಬೋರ್ಡು. ಅಪ್ಪನ ದುಡ್ಡಿನಲ್ಲಿ ದೊಡ್ಡ ಕ್ಯಾಮರಾ ಕೊಂಡ ವಿದ್ಯಾರ್ಥಿಗಳು ಓದು ಮುಗಿಸಿ ಊರಿಗೆ ಹೊರಡುವಾಗ ಅದನ್ನು ಇವರಿಗೆ ಮಾರುತ್ತಿದ್ದರು. ಇವರು ತೊಳೆದು, ಒರೆಸಿ, ಹೊಸ ರಬ್ಬರ್ ಅಂಟಿಸಿ ನಮ್ಮಂಥವರಿಗೆ ಮಾರುತ್ತಿದ್ದರು. ನಾನು ಆಗ ಉಡುಪಿಯ ಕಡಿಯಾಳಿಯ ಒಂದು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತ, ಬೇರೆಯವರು ಫೋಟೋ ತೆಗೆದ ಮದುವೆಗಳಿಗೆ ಆಲ್ಬಂ ಮಾಡಿಕೊಡುತ್ತ ಇದ್ದೆ. ಸ್ವಂತವಾಗಿ ಮದುವೆಗಳ ಫೋಟೋ ತೆಗೆಯಬೇಕೆಂಬ ಹಟ. ಹೊಸ ಕ್ಯಾಮರಾ ಕೈಗೆಟುಕುವಂತಿರಲಿಲ್ಲ. ಹಾಗಾಗಿ ಕೆಲಸ ಮುಗಿಸಿ ಕಾಪುವಿನ ಬಸ್ಸು ಹಿಡಿಯುವ ಮೊದಲು ಆ ಮಹಡಿ ಹತ್ತಿ, ಮೂಲೆಯ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದೆ.

ನೋಡಲು ಬೇಕಾದಷ್ಟಿತ್ತು. ಕೊಳ್ಳುವಾಗ ಅವರಿಗೆ ಮೈಯೆಲ್ಲ ಕಣ್ಣು. ಹುಡುಗರು ತಂದ ಲೆನ್ಸಿಗೆ ಓರೆಯಾಗಿ ಟಾರ್ಚು ಬಿಟ್ಟು ಒಳಗೆ ಜೇಡರ ಬಲೆಯಂತೆ ಹಬ್ಬಿದ ಫಂಗಸ್ ತೋರಿಸುತ್ತಿದ್ದರು. ಕ್ಯಾಮರಾವನ್ನು ಕಿವಿಗೆ ಹಿಡಿದು ಕ್ಲಿಕ್ ಮಾಡಿ, "ಕೇಳಿತಾ? ಕೊನೆಯಲ್ಲಿ ಒಂದು ಎಳೆತ ಉಂಟು. ಶಟರ್ ಸಾಯುತ್ತಾ ಉಂಟು ಮಾರಾಯ" ಎನ್ನುತ್ತಿದ್ದರು. ಮೂಗಿಗೆ ಹಿಡಿದು ಮೂಸುತ್ತಿದ್ದರು. ಹುಡುಗನ ಮುಖ ಇಳಿಯುತ್ತಿತ್ತು, ಬೆಲೆಯೂ ಇಳಿಯುತ್ತಿತ್ತು. ವಾರ ಕಳೆದು ಅದೇ ಕ್ಯಾಮರಾ ಗಾಜಿನ ಕಪಾಟಿಗೆ ಬಂದಾಗ ಅದರ ರೋಗವೆಲ್ಲ ಮಾಯ. ಯಾರಾದರೂ ಎಷ್ಟು ಹಳೆಯದು ಎಂದು ಕೇಳಿದರೆ, "ಕ್ಯಾಮರಾಕ್ಕೂ ಹೆಂಗಸಿಗೂ ವಯಸ್ಸು ಕೇಳಬಾರದು" ಎಂದು ತಾವೇ ನಗುತ್ತಿದ್ದರು. ಆ ಮಾತನ್ನು ನನ್ನ ಎದುರೇ ಅದೆಷ್ಟು ಸಲ ಹೇಳಿದ್ದಾರೋ. ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.

ಇಷ್ಟೆಲ್ಲ ಕಂಡೂ ನಾನು ಅವರಲ್ಲೇ ಕೊಂಡೆ. ಅಷ್ಟು ದಿನ ಅಂಗಡಿಯಲ್ಲಿ ಕೂತ ನನಗೆ ಮೋಸ ಮಾಡಲಿಕ್ಕಿಲ್ಲ ಎಂದುಕೊಂಡಿದ್ದೆ. "ನಿನಗೆಂದೇ ತೆಗೆದಿಟ್ಟದ್ದು. ಡಾಕ್ಟರ ಮಗಳದ್ದು, ಕಪಾಟಿನಿಂದ ಹೊರಗೆ ಬಂದದ್ದೇ ಇಲ್ಲ" ಎಂದು ಕೊಟ್ಟರು. ನಾನು ಟಾರ್ಚು ಕೇಳಿದೆ. ಅವರು ಮುಖ ಊದಿಸಿಕೊಂಡರು. "ಎಂತ, ನನ್ನ ಮೇಲೇ ಸಂಶಯವಾ?" ಎಂದರು. ನಾನು ದುಡ್ಡು ಎಣಿಸಿ ಕೊಟ್ಟೆ.

ಮೊದಲ ದೊಡ್ಡ ಕೆಲಸ ಕಾರ್ಕಳದ ಒಂದು ಮದುವೆ. ಮದುಮಗಳ ತಂದೆಗೆ ಕಾಯಿಲೆ ಬಹಳ ಮುಂದೆ ಹೋಗಿತ್ತು. ಆಸ್ಪತ್ರೆಯಿಂದ ಆ ಹೊತ್ತಿಗೆಂದೇ ಕರೆತಂದಿದ್ದರು. ಗಾಲಿಕುರ್ಚಿಯಲ್ಲಿ ಕೂತೇ ಮಗಳ ಕೈಗೆ ಧಾರೆ ಎರೆಯಬೇಕಿತ್ತು. ಮುಹೂರ್ತ ಬಂತು. ಅವರ ಕೈ ನಡುಗುತ್ತಿತ್ತು, ಹೆಂಡತಿ ಮೊಣಕೈ ಹಿಡಿದಿದ್ದರು, ಗಿಂಡಿಯಿಂದ ನೀರು ಬಿತ್ತು. ನಾನು ಒತ್ತಿದೆ. ಕ್ಯಾಮರಾ ಒಳಗಿನಿಂದ ಕೆಮ್ಮಿದಂತೆ ಒಂದು ಸದ್ದು ಮಾಡಿ ನಿಂತೇಬಿಟ್ಟಿತು. ಬ್ಯಾಟರಿ ತೆಗೆದು ಹಾಕಿದೆ, ಲೆನ್ಸ್ ತಿರುಗಿಸಿ ಹಾಕಿದೆ. ಏನೂ ಇಲ್ಲ.

"ಎಂತ ಮಾರಾಯ್ತಿ ನಿಂತುಕೊಂಡು? ತೆಗಿ, ತೆಗಿ!" ಎಂದು ಮದುಮಗಳ ಸೋದರಮಾವ ಹಿಂದಿನಿಂದ ಕೂಗಿದರು.

ಫೋನು ತೆಗೆಯುವಷ್ಟರಲ್ಲಿ ಪುರೋಹಿತರ ಬೆನ್ನು ಅಡ್ಡ ಬಂದಿತ್ತು. ಉಳಿದ ಮದುವೆಯನ್ನೆಲ್ಲ ಫೋನಿನಲ್ಲೇ ಹಿಡಿದೆ. ಆಲ್ಬಂ ಕೊಡಲು ಹೋದಾಗ ಆ ತಂದೆ ಇರಲಿಲ್ಲ. ಮಗಳು ಹಾಳೆಗಳನ್ನು ತಿರುವಿದಳು, ಮತ್ತೆ ಹಿಂದಕ್ಕೆ ಬಂದಳು. "ಅಪ್ಪ ಧಾರೆ ಎರೆದದ್ದು ಒಂದೂ ಇಲ್ವಾ ಅಕ್ಕ?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

ಕೆಟ್ಟ ಕ್ಯಾಮರಾವನ್ನು ಅಂಗಡಿಗೆ ಒಯ್ದಾಗ ಅವರು ಮುಟ್ಟಿಯೂ ನೋಡಲಿಲ್ಲ. "ನಿನ್ನ ಮನೆ ಕಾಪುವಿನಲ್ಲಲ್ವಾ? ಕಡಲಿನ ಉಪ್ಪುಗಾಳಿ. ಅದಕ್ಕೆ ವಾರಂಟಿ ಇಲ್ಲ" ಎಂದರು. ಮಂಗಳೂರಿನಲ್ಲಿ ರಿಪೇರಿಯವನು ಹೊಸ ರಬ್ಬರನ್ನು ಎಬ್ಬಿಸಿದಾಗ ಅಡಿಯಲ್ಲಿ ಉಪ್ಪು ಬಿಳಿಯಾಗಿ ಹೆಪ್ಪುಗಟ್ಟಿತ್ತು. ಜೊತೆಗೆ ಮರಳು. "ಗಾಳಿಗೆ ಉಪ್ಪು ಬರಬಹುದು, ಹೊಯ್ಗೆ ಬರುವುದಿಲ್ಲ. ಇದು ಕಡಲಿಗೆ ಬಿದ್ದು ಎದ್ದದ್ದು" ಎಂದ ಅವನು.

ಮರುದಿನ ಬೆಳಿಗ್ಗೆಯೇ ಆ ಮಹಡಿ ಹತ್ತಿದೆ. ಅಂಗಡಿಯಲ್ಲಿ ಗದಗ ಕಡೆಯ ಒಬ್ಬರಿದ್ದರು. ಟೈಲ್ಸ್ ಕೆಲಸ ಮಾಡುವವರು, ತಮ್ಮ ಜನರ ಮದುವೆ, ತೊಟ್ಟಿಲ ಶಾಸ್ತ್ರಗಳಿಗೆ ಫೋಟೋ ತೆಗೆಯಬೇಕೆಂದು ಬಂದವರು. ಎದುರಿಗೆ ಒಂದು ಉದ್ದ ಲೆನ್ಸು. ನಾನು ಮರಳನ್ನು ಕಾಗದದಲ್ಲಿ ಕಟ್ಟಿ ತಂದಿದ್ದೆ, ಗಾಜಿನ ಮೇಲೆ ಸುರಿದೆ.

ಯಾವ ಕಳ್ಳನಾದರೂ ಒಂದು ಗಳಿಗೆ ತಬ್ಬಿಬ್ಬಾಗುತ್ತಾನೆ. ಇವರಿಗೆ ಅಷ್ಟು ಸೌಜನ್ಯವೂ ಇರಲಿಲ್ಲ. "ಹೌದು, ಹೂಡೆಯ ಕಡಲಲ್ಲಿ ಹುಡುಗರು ಬೀಳಿಸಿದ್ದು. ಅದಕ್ಕೆಂತ? ಒಣಗಿಸಿ ನಡೆಯುವ ಹಾಗೆ ಮಾಡಿದೆ. ಅದನ್ನೇ ರಿಫರ್ಬಿಶ್ಡ್ ಅನ್ನುವುದು. ನಿನಗೆ ಇಂಗ್ಲಿಷ್ ಬರುವುದಿಲ್ಲವಾ?" ಎಂದರು.

ನಾನು ಕೌಂಟರಿನ ಟಾರ್ಚು ಎತ್ತಿಕೊಂಡು ಆ ಉದ್ದ ಲೆನ್ಸಿಗೆ ಓರೆಯಾಗಿ ಬಿಟ್ಟೆ. "ಅಣ್ಣಾ, ಇಲ್ಲಿ ನೋಡಿ" ಎಂದೆ. ಗದಗಿನವರು ಬಗ್ಗಿ ನೋಡಿದರು.

"ಏನ್ರೀ ಅಕ್ಕಾರ ಇದು, ಬೂಷ್ಟು ಹಿಡದಂಗೈತಲ್ರೀ?"

"ಅದೇ. ಒಳಗಿನ ಗಾಜಿಗೆ ಹಿಡಿದಿದೆ. ಒರೆಸಿದರೆ ಹೋಗುವುದಿಲ್ಲ."

"ಬ್ಯಾಡ ಬಿಡ್ರೀ ಸಾಹೇಬ್ರ" ಎಂದು ಅವರು ಲೆನ್ಸನ್ನು ಮೆಲ್ಲಗೆ ಕೆಳಗಿಟ್ಟು ಮೆಟ್ಟಿಲಿಳಿದು ಹೋದರು. ಅಂಗಡಿಯವರು ನನಗೆ ಬೈದ ಮಾತುಗಳನ್ನು ಇಲ್ಲಿ ಬರೆಯಲಾರೆ. ಕೊನೆಗೆ, "ಘಟ್ಟದ ಮೇಲಿನವನಿಗೆ ಆ ಲೆನ್ಸೇ ಹೆಚ್ಚಾಯಿತು. ನೀನು ಇನ್ನು ಈ ಮೆಟ್ಟಿಲು ಹತ್ತಬೇಡ" ಎಂದರು. ಹತ್ತಲಿಲ್ಲ. ಮುಂದಿನ ಕ್ಯಾಮರಾವನ್ನು ಹಾಸ್ಟೆಲಿನ ಒಬ್ಬ ಹುಡುಗಿಯಿಂದ ನೇರ ಕೊಂಡೆ. ಟಾರ್ಚು ಬಿಟ್ಟು, ಕಿವಿಗಿಟ್ಟು, ಮೂಸಿ ಕೊಂಡೆ. ಅವಳು ನಗಾಡಿದಳು. ಆ ಕ್ಯಾಮರಾ ಇಂದಿಗೂ ನಡೆಯುತ್ತದೆ.

ಕೆಲವು ವರ್ಷಗಳ ನಂತರ ಒಬ್ಬ ಹೆಂಗಸಿನ ಫೋನು ಬಂತು. ಅಂಗಡಿಯವರ ಹೆಂಡತಿ. ಎದೆನೋವೆಂದು ಆಸ್ಪತ್ರೆಗೆ ಸೇರಿದವರು ಮನೆಗೆ ಮರಳಲಿಲ್ಲವಂತೆ. ಉತ್ತರಕ್ರಿಯೆ ಮುಗಿದಿದೆ, ಅಂಗಡಿ ಖಾಲಿ ಮಾಡಬೇಕು, ಯಾವುದು ಒಳ್ಳೆಯದು ಯಾವುದು ಅಲ್ಲ ಎಂದು ಹೇಳಲು ಬರಬಹುದಾ ಎಂದರು. ನನ್ನನ್ನೇ ಯಾಕೆ ಎಂದು ಕೇಳಿದೆ. ಅವರಿಗೆ ಹೇಳಲು ಸಂಕೋಚವಾಯಿತು.

"ಆಸ್ಪತ್ರೆಯಲ್ಲಿ ಅವರೇ ಹೇಳಿದ್ದು. ಆ ಕಾಪುವಿನವಳನ್ನು ಕರೆ. ಅವಳಿಗೆ ಮೋಸ ಮಾಡಲು ಬರುವುದಿಲ್ಲ, ಅಷ್ಟು ಬುದ್ಧಿ ಇಲ್ಲ ಅಂತ."

ಸಾಯುವಾಗಲೂ ಒಂದು ಒಳ್ಳೆಯ ಮಾತನ್ನು ನೇರವಾಗಿ ಆಡಲು ಬಾರದ ಮನುಷ್ಯ. ಹೋದೆ. ಹೋದದ್ದು ಅವರಿಗಾಗಿ ಅಲ್ಲ, ಆ ಹೆಂಗಸಿನ ದನಿಗಾಗಿ.

ಎಲ್ಲವನ್ನೂ ಪರೀಕ್ಷಿಸಿ ಎರಡು ರಾಶಿ ಮಾಡಿದೆ. ಒಳ್ಳೆಯದರ ರಾಶಿ ಒಂದು ಚೀಲದಷ್ಟು. ಕೆಟ್ಟದ್ದು ಕೌಂಟರು ತುಂಬಿ ಕುರ್ಚಿಗಳ ಮೇಲೂ ಬಂತು. ಹೆಂಡತಿ ಬಾಗಿಲ ಬಳಿ ನಿಂತೇ ನೋಡುತ್ತಿದ್ದರು. ಆ ಅಂಗಡಿಗೆ ಅವರು ಬಂದದ್ದು ಅದೇ ಮೊದಲಂತೆ.

"ಇದೆಲ್ಲ ಹಾಳಾದದ್ದಾ?"

"ಹೌದು."

"ಮನೆಗೆ ತರುವ ಮಿಕ್ಸಿ, ಫ್ಯಾನು ಎಲ್ಲ ಹೀಗೆಯೇ ಇರುತ್ತಿತ್ತು" ಎಂದರು. "ನಮಗೆ ಮಾತ್ರ ಹಾಗೆ ಎಂದುಕೊಂಡಿದ್ದೆ."

ಸಾಮಾನು ಕೊಳ್ಳಲು ಮಂಗಳೂರಿನ ವ್ಯಾಪಾರಿಯೊಬ್ಬ ಬಂದಿದ್ದ. ಒಳ್ಳೆಯದನ್ನು ಕಟ್ಟಿಕೊಂಡ. ಮತ್ತೆ ಕೆಟ್ಟ ರಾಶಿಯತ್ತ ತಿರುಗಿ, "ಅದನ್ನೂ ಕೊಡಿ. ತೊಳೆದು ಒರೆಸಿದರೆ ಯಾರಾದರೂ ತೆಗೆದುಕೊಳ್ಳುತ್ತಾರೆ" ಎಂದ. ಅಂಗಡಿಯವರೇ ಎದ್ದು ಬಂದು ಮಾತಾಡಿದಂತಿತ್ತು.

ಹೆಂಡತಿ ನನ್ನ ಮುಖ ನೋಡಿದರು. "ಇದನ್ನು ಇನ್ನು ಯಾರೂ ಮಾರದ ಹಾಗೆ ಮಾಡಲು ಆಗ್ತದಾ?"

ಆಗುತ್ತದೆ. ಒಂದು ಕ್ಯಾಮರಾದ ಲೆನ್ಸು ಕಳಚಿ, ಒಳಗಿನ ಕನ್ನಡಿಯನ್ನು ಬೆರಳಿನಿಂದ ಎತ್ತಿ, ಅದರ ಹಿಂದಿನ ಶಟರಿಗೆ ಹೆಬ್ಬೆರಳು ಒತ್ತಿದೆ. ಒಣಗಿದ ಎಲೆಯಂತೆ ಮುರಿಯಿತು. ಅವರು ಒಳಗೆ ಬಂದು ಸ್ಟೂಲಿನಲ್ಲಿ ಕೂತು ಇನ್ನೊಂದನ್ನು ಮಡಿಲಿಗೆ ಎಳೆದುಕೊಂಡರು. "ಹೀಗೆಯಾ?" ಎಂದು ಕೇಳಿ ತಾವೂ ಒತ್ತಿದರು. ವ್ಯಾಪಾರಿ ತಲೆ ಚಚ್ಚಿಕೊಳ್ಳುತ್ತ ಹೋದ. ನಾವಿಬ್ಬರೂ ಒಂದೊಂದನ್ನೇ ಮುಗಿಸಿದೆವು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ.

ಈಗ ಉಡುಪಿಯ ಸುತ್ತಮುತ್ತ ಹಳೆಯ ಕ್ಯಾಮರಾ ಕೊಳ್ಳುವ ಹೊಸಬರು ನನ್ನನ್ನು ಜೊತೆಗೆ ಕರೆಯುತ್ತಾರೆ. ಇಷ್ಟೆಲ್ಲ ಎಲ್ಲಿ ಕಲಿತಿರಿ ಎಂದು ಕೇಳುತ್ತಾರೆ. ಒಬ್ಬ ಕಳ್ಳನ ಅಂಗಡಿಯಲ್ಲಿ ಎನ್ನುತ್ತೇನೆ. ಅದು ಋಣ ಎಂದು ಅಮ್ಮ ಹೇಳುತ್ತಾರೆ. ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಕಾರ್ಕಳದ ಆ ಆಲ್ಬಂ ತಿರುವಿದ ಹುಡುಗಿ ಎದುರು ಬಂದರೆ ಇವತ್ತಿಗೂ ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇನೆ. ಅದೂ ಆ ಅಂಗಡಿಯವರಿಂದಲೇ ಬಂದದ್ದು.