ರುಕ್ಮಿಣಿ ಬೇಡವೆಂದಿದ್ದ ವಿನ್ಯಾಸ

ರುಕ್ಮಿಣಿ, ಆ ತಪ್ಪು ನಿನ್ನದಲ್ಲ, ನನ್ನದು. ಅದು ಗೊತ್ತಿದ್ದೇ ಎಲ್ಲರೆದುರು ನಿನ್ನ ಕಡೆ ಬೆರಳು ತೋರಿಸಿದೆ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ — ಮುಚ್ಚಿಕೊಂಡಿದ್ದೆ ಎನ್ನುವುದೂ ಸುಳ್ಳು. ಅದೇ ಬಾಯಿಯಲ್ಲಿ ನಿನ್ನ ವಿಚಾರವನ್ನು ನನ್ನದೆಂದು ಹೇಳಿ ಹೆಸರು ಮಾಡಿದೆ.

ತುಮಕೂರಿನ ನಮ್ಮ ಸಣ್ಣ ಕಚೇರಿಯಲ್ಲಿ ತಂಡದ ಮುಖ್ಯಸ್ಥ ನಾನು. ಕುಣಿಗಲ್‌ನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹೊಸ ಇಂಜಿನಿಯರ್ ನೀನು. ದನಕರುಗಳಿಗೆ ಕಾಯಿಲೆಯಾದರೆ ವೈದ್ಯರನ್ನು ಕರೆಯಲು ಒಂದು ಆ್ಯಪ್ ಮಾಡುತ್ತಿದ್ದೆವು. ಒಮ್ಮೆ ಬರೆದರೆ ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಓಡುವಂಥದ್ದು. ಎಲ್ಲ ಕೆಲಸವನ್ನೂ ಸ್ಕ್ರೀನಿನೊಳಗೇ ತುರುಕೋಣ, ಬೇಗ ಮುಗಿಯುತ್ತದೆ ಎಂದೆ ನಾನು. ನೀನು ಬೋರ್ಡಿನ ಮೇಲೆ ಮೂರು ಚೌಕ ಬರೆದೆ. ಕಾಣುವ ಸ್ಕ್ರೀನ್ ಬೇರೆ, ಮಾಹಿತಿಯನ್ನು ಉಳಿಸಿ ಕಳಿಸುವ ಭಾಗ ಬೇರೆ, ನಡುವೆ ನಿಂತು ತೀರ್ಮಾನಿಸುವ ಭಾಗ ಬೇರೆ.

"ತೋಟದೊಳಗೆ ನೆಟ್‌ವರ್ಕ್ ಸಿಗಲ್ಲ ಸರ್. ಬಟನ್ ಒತ್ತಿದ ತಕ್ಷಣ ಸ್ಕ್ರೀನೇ 'ತಲುಪಿದೆ' ಅಂದ್ಬಿಟ್ರೆ, ನಿಜವಾಗ್ಲೂ ತಲುಪ್ತಾ, ಇಲ್ವಾ ಅಂತ ನೋಡೋರ್ಯಾರು?"

ನೀನು ಹೇಳಿದ್ದು ಸರಿಯೆಂದು ಆ ಕ್ಷಣವೇ ತಿಳಿಯಿತು. ಅದಕ್ಕೇ ಸಿಟ್ಟು ಬಂತು. "ಕಾಲೇಜ್ ಪಾಠ ಇಲ್ಲಿ ಬೇಡ. ಹೇಳಿದಷ್ಟು ಬರಿ" ಎಂದು ಬೋರ್ಡ್ ಒರೆಸಿದೆ. ನೀನು ಹಾಗೇ ಬರೆದೆ. ಆ್ಯಪ್ ರೈತರ ಕೈ ಸೇರಿತು.

ಗುಬ್ಬಿ ಕಡೆಯ ಪುಟ್ಟಲಕ್ಷ್ಮಮ್ಮನ ಹಸುವಿಗೆ ಈಯುವಾಗ ಕರು ಅಡ್ಡ ಸಿಕ್ಕಿಕೊಂಡಿತ್ತು. ಆಕೆ ಬಟನ್ ಒತ್ತಿದಳು. 'ವಿನಂತಿ ತಲುಪಿದೆ' ಎಂದು ಹಸಿರು ಗುರುತು ಬಂತು. ಅದನ್ನು ನಂಬಿ ಬೇರೆ ಯಾರನ್ನೂ ಕರೆಯದೆ ಕೊಟ್ಟಿಗೆಯಲ್ಲೇ ಕಾದಳು. ವಿನಂತಿ ಫೋನು ಬಿಟ್ಟು ಹೊರಟೇ ಇರಲಿಲ್ಲ. ಹಸುವೂ ಹೋಯಿತು, ಕರುವೂ.

ಆಕೆ ಕಚೇರಿಗೇ ಬಂದಳು. ಇದನ್ನು ಬರೆದವರು ಯಾರೆಂದು ಮಾಲೀಕರು ಕೇಳಿದರು.

"ರುಕ್ಮಿಣಿ ಬರೆದಿದ್ದು ಸರ್" ಎಂದೆ.

ಸುಳ್ಳಲ್ಲ, ನೋಡು. ಬರೆದ ಕೈ ನಿನ್ನದೇ. ಆ ಮಾತನ್ನು ಆರಿಸಿಕೊಂಡ ನನ್ನ ಜಾಣತನ ನೆನೆದರೆ ಇಂದಿಗೂ ಮೈ ಉರಿಯುತ್ತದೆ. "ನಿಂಗೂ ಒಂದ್ ಮನೆ ಇಲ್ವೇನೇ? ಮೂಕಪ್ರಾಣಿ ಕಣೇ ಅದು" ಎಂದು ಪುಟ್ಟಲಕ್ಷ್ಮಮ್ಮ ನಿನ್ನನ್ನು ಬೈದಳು. ನೀನು ನನ್ನ ಮುಖ ನೋಡಿದೆ. ನಾನು ಮಾನಿಟರ್ ನೋಡಿದೆ. ಸಂಜೆಯೊಳಗೆ ನಿನ್ನನ್ನು ಕೆಲಸದಿಂದ ತೆಗೆದರು.

ಆಮೇಲೆ ನಾನು ನಿನ್ನ ಮೂರು ಚೌಕಗಳಂತೆಯೇ ಆ್ಯಪನ್ನು ಮತ್ತೆ ಕಟ್ಟಿದೆ. ಚೆನ್ನಾಗಿ ಓಡಿತು. ಕಾಲೇಜುಗಳವರು ಕರೆದರು, ಹೋಗಿ ಒಳ್ಳೆಯ ವಿನ್ಯಾಸ ಹೇಗಿರಬೇಕೆಂದು ಉಪದೇಶ ಮಾಡಿದೆ. ಹೋದ ತಿಂಗಳು ಒಬ್ಬಳು ವಿದ್ಯಾರ್ಥಿನಿ, "ಇದು ನಿಮಗೆ ಹೇಗೆ ಹೊಳೀತು ಸರ್?" ಎಂದು ಕೇಳಿದಳು. ನಾಚಿಕೆಗೆಟ್ಟವನಂತೆ, "ಅನುಭವದಿಂದ" ಎಂದೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆ —

ಮರುದಿನ ಮಾಲೀಕರಿಗೆ ನಿಜ ಹೇಳಿದೆ. "ಹಳೇದೆಲ್ಲ ಈಗ್ಯಾಕ್ರೀ ಕೆದಕ್ತೀರ? ಬಿಡಿ" ಎಂದು ಕಾಫಿ ತರಿಸಿದರು. ಅವರ ಮೇಲೆ ಕೂಗಾಡಿ ಎದ್ದು ಬಂದೆ. ಕೂಗಾಡುವ ಯೋಗ್ಯತೆ ನನಗೆಲ್ಲಿತ್ತು? ಗುಬ್ಬಿಗೆ ಹೋಗಿ ಪುಟ್ಟಲಕ್ಷ್ಮಮ್ಮನಿಗೂ ಹೇಳಿದೆ. ಆಕೆ ಕೂರು ಎನ್ನಲಿಲ್ಲ. "ಆ ಹುಡ್ಗಿ ಎಲ್ಲವ್ಳೆ ಈಗ?" ಎಂದಷ್ಟೇ ಕೇಳಿದಳು. ನನಗೆ ಗೊತ್ತಿರಲಿಲ್ಲ. ವಿಚಾರಿಸುವ ಗೋಜಿಗೇ ಹೋಗಿರಲಿಲ್ಲ ನಾನು.

ಹಿರೇಹಳ್ಳಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ನೀನು ಸಿಕ್ಕೆ. ಕೆಲಸ ಹೋದ ಮೇಲೆ ಕೋಡ್ ಬರೆಯುವುದನ್ನೇ ಬಿಟ್ಟೆ ಎಂದು ನೀನು ಹೇಳಿದೆ. ನಾನು ಹೇಳಿದ್ದನ್ನೆಲ್ಲ ನಿಂತೇ ಕೇಳಿಸಿಕೊಂಡೆ.

"ಆವತ್ತು ಅಷ್ಟು ಜನ ಇದ್ರು ಸರ್. ಅವ್ರ ಮುಂದೆ ಹೇಳ್ಬೇಕಿತ್ತು. ಇವತ್ತು ನನ್ನೊಬ್ಬಳಿಗೆ ಹೇಳಿದ್ರೆ ಏನ್ ಬಂತು? ನಂಗದು ಮೊದ್ಲೇ ಗೊತ್ತು."

ಅದಕ್ಕೇ ಇದನ್ನು ಎಲ್ಲರೂ ಓದುವಂತೆ, ನಿನ್ನ ಹೆಸರಿಟ್ಟು ಬರೆದಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ.