ಚಿಂತೆ ಎಂಬ ಪದ ಹುಡುಕಿದ ಮಧ್ಯಾಹ್ನಗಳು

ಅರಸೀಕೆರೆಯಿಂದ ಹಳೇಬೀಡು, ಬೇಲೂರು ದಾಟಿ ಬಿಕ್ಕೋಡಿಗೆ ಹೋಗುವ ಬಸ್ಸಿನಲ್ಲಿ ನಾನು ಕಂಡಕ್ಟರ್ ಆಗಿದ್ದೆ. ಆ ದಿನ ನಡೆದದ್ದನ್ನು ನಡೆದ ಹಾಗೆಯೇ ಬರೆಯಬೇಕು. ಮೊದಲ ಸಲ ನಾನು ಹಾಗೆ ಬರೆಯಲಿಲ್ಲ.

ಬಿಕ್ಕೋಡಿಗೆ ಇನ್ನೂ ಎರಡು ಸ್ಟಾಪ್ ಇತ್ತು. ಒಂದು ಎಸ್ಟೇಟಿನ ಗೇಟಿನೆದುರು ಬಸ್ಸು ನಿಂತಿತು. ಹಿಂದಿನ ಬಾಗಿಲಲ್ಲಿ ಒಬ್ಬ ಅಜ್ಜಿ ಇಳಿಯುವವರಿದ್ದರು. ಅರಸೀಕೆರೆಯಲ್ಲಿ ಹತ್ತಿದವರು, ಜೊತೆಗೆ ಒಂದು ಚೀಲ ತೆಂಗಿನಕಾಯಿ. ನಾನು ಬಸ್ಸಿನ ನಡುವೆ ನಿಂತು ಇನ್ನೊಬ್ಬರಿಗೆ ಟಿಕೆಟ್ ಕೊಡುತ್ತಿದ್ದೆ.

ಬಸ್ಸು ಹೊರಡಲು ನಾವು ಎರಡು ಸಲ ವಿಷಲ್ ಊದುತ್ತೇವೆ. ತಿರುಗಿ ನೋಡಿಯೇ ಊದಬೇಕು ಎಂದು ಮೊದಲ ದಿನವೇ ಕಲಿಸಿರುತ್ತಾರೆ. ಆದರೆ ವರ್ಷಗಳು ಕಳೆದಂತೆ ಕಣ್ಣಿನ ಕೆಲಸವನ್ನು ಕಿವಿಗೆ ಒಪ್ಪಿಸಿಬಿಡುತ್ತೇವೆ. ನೆಲಕ್ಕೆ ಕಾಲಿಟ್ಟ ಸದ್ದು ಕೇಳಿದರೆ ಸಾಕು, ಇಳಿದರು ಎಂದು ಲೆಕ್ಕ. ಅಂದು ಧೊಪ್ಪೆಂದು ಸದ್ದಾಯಿತು, ನಾನು ಊದಿದೆ. ನೆಲಕ್ಕೆ ಬಿದ್ದದ್ದು ಕಾಯಿಯ ಚೀಲ. ಅಜ್ಜಿ ಇನ್ನೂ ಕೆಳಗಿನ ಮೆಟ್ಟಿಲ ಮೇಲಿದ್ದರು. ಬಸ್ಸು ಮುಂದಕ್ಕೆ ಸರಿದೊಡನೆ ರಸ್ತೆಗೆ ಬಿದ್ದರು.

ಅದೇ ಬಸ್ಸಿನಲ್ಲಿ ಅವರನ್ನು ಬೇಲೂರಿನ ಆಸ್ಪತ್ರೆಗೆ ತಂದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು. "ನನ್ ಕಾಯಿ ಎತ್ಕೊಂಡ್ರಾ?" ಎಂದು ಮೂರು ಸಲ ಕೇಳಿದರು. ಸೊಂಟದ ಮೂಳೆ ಮುರಿದಿತ್ತು.

ಸಂಜೆ ಡಿಪೋದಲ್ಲಿ ನಾನು ಬರೆದುಕೊಟ್ಟ ಹೇಳಿಕೆ ಎರಡೇ ವಾಕ್ಯದ್ದು. ನಾನು ಟಿಕೆಟ್ ಕೊಡುತ್ತಿದ್ದೆ. ಪ್ರಯಾಣಿಕರು ಇಳಿಯುವ ಮೊದಲೇ ಬಸ್ಸು ಹೊರಟಿತು. ಎರಡರಲ್ಲೂ ಸುಳ್ಳಿಲ್ಲ. ವಿಷಲ್ ವಿಷಯ ಮಾತ್ರ ಇರಲಿಲ್ಲ. ಡ್ರೈವರ್, ನನಗಿಂತ ಹತ್ತು ವರ್ಷ ದೊಡ್ಡವರು, ಎರಡು ಸಲ ಊದಿದ್ದು ಕೇಳಿಸಿತೆಂದು ಹೇಳಿದರು. ಅಧಿಕಾರಿ ನನ್ನ ಕಡೆ ನೋಡಿದರು. "ನೆನಪಿಲ್ಲ ಸಾರ್" ಎಂದೆ. ವಿಷಲ್ ಇಲ್ಲದೆ ಬಸ್ಸು ಬಿಟ್ಟರೆಂದು ಡ್ರೈವರನ್ನು ಸಸ್ಪೆಂಡ್ ಮಾಡಿದರು. ವಿಚಾರಣೆಗೆ ಮೂರು ವಾರ ಇತ್ತು. ಅದರಲ್ಲಿ ತಪ್ಪು ಅವರದೆಂದಾದರೆ ಕೆಲಸವೇ ಹೋಗುತ್ತಿತ್ತು.

ಮರುದಿನದಿಂದ ಟಿಕೆಟ್ ಮೆಷಿನ್ ಒತ್ತುವಾಗ ಬಲಗೈ ನಡುಗತೊಡಗಿತು. ರೈಲ್ವೆ ಕೆಲಸಕ್ಕೆಂದು ಅಜ್ಜ ಅರಸೀಕೆರೆಗೆ ಬಂದ ಕಾಲದಿಂದ ನಮ್ಮ ಮನೆಯಲ್ಲಿ ಬೆಳಗಿನ ಪ್ರಾರ್ಥನೆ ತಪ್ಪಿದ್ದಿಲ್ಲ. ನಾನೂ ದಿನವೂ ಬೇಡಿಕೊಳ್ಳುತ್ತಿದ್ದೆ: ವಿಚಾರಣೆ ತೊಂದರೆಯಿಲ್ಲದೆ ಮುಗಿಯಲಿ, ಈ ಚಿಂತೆ ನನ್ನನ್ನು ಬಿಟ್ಟುಹೋಗಲಿ. ಬಿಟ್ಟುಹೋಗಲಿಲ್ಲ.

ನಮ್ಮ ಚರ್ಚಿನಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದಾರೆ. ಭಾನುವಾರ ಆರಾಧನೆ ಮುಗಿದ ಮೇಲೆ ನನ್ನ ಕೈ ನೋಡಿ ನಿಲ್ಲಿಸಿದರು.

"ಏನಪ್ಪಾ, ಚಳಿ ಜ್ವರನಾ?"

"ಇಲ್ಲ ಟೀಚರ್, ಯೋಚನೆ. ದಿನಾ ಪ್ರಾರ್ಥನೆ ಮಾಡ್ತೀನಿ, ಹೋಗ್ತಿಲ್ಲ."

"ಬೈಬಲ್ ಓದ್ತೀಯಾ?"

"ಓದ್ತೀನಿ. ಚಿಂತೆ ಮಾಡ್ಬೇಡ ಅನ್ನೋ ವಚನ ಎಲ್ಲಾ ಬಾಯಿಪಾಠ."

"ಬಾಯಿಪಾಠ ಮಾಡೋಕೆ ಅದೇನು ಮಗ್ಗಿನಾ? ಒಂದ್ ಕೆಲ್ಸ ಮಾಡು. ಚಿಂತೆ ಅನ್ನೋ ಪದ ಎಲ್ಲೆಲ್ಲಿ ಬತ್ತದೆ, ಬರ್ಕೊ. ಪಕ್ಕದಲ್ಲಿ ಯಾರಿಗೆ ಚಿಂತೆ, ಯಾತಕ್ಕೆ, ಅಷ್ಟು ಬರಿ. ಆ ಒಂದು ಸಾಲು ಓದಿ ಎದ್ದೋಗ್ಬೇಡ. ಇಡೀ ಅಧ್ಯಾಯ ಓದು."

ಯಾವ ಪದ ಯಾವ ಪುಟದಲ್ಲಿದೆ ಎಂದು ತೋರಿಸುವ ತಮ್ಮ ದಪ್ಪ ಪುಸ್ತಕವನ್ನೂ ಕೊಟ್ಟರು. ರಟ್ಟು ಕಿತ್ತುಹೋಗಿತ್ತು.

ಬೇಲೂರು ನಿಲ್ದಾಣದಲ್ಲಿ ನಮ್ಮ ಬಸ್ಸು ಮಧ್ಯಾಹ್ನ ನಲವತ್ತು ನಿಮಿಷ ನಿಲ್ಲುತ್ತದೆ. ಹೊಸ ಡ್ರೈವರ್ ಊಟಕ್ಕೆ ಹೋದ ಮೇಲೆ ನಾನು ಹಿಂದಿನ ಸೀಟಿನಲ್ಲಿ ಕೂತು ಬರೆಯುತ್ತಿದ್ದೆ. ದಿನಕ್ಕೆ ಒಂದೋ ಎರಡೋ ಕಡೆ, ಹೆಚ್ಚಿಲ್ಲ. ಊಟಬಟ್ಟೆಗೆ ಏನು ಗತಿ ಎಂದು ಹೆದರಿದ ಜನ. ಮನೆಗೆ ಯೇಸು ಬಂದಿರುವಾಗ ಅಡುಗೆ ಕೆಲಸ ತನ್ನೊಬ್ಬಳ ತಲೆಗೇ ಬಂತೆಂದು ಸಿಡುಕಿದ ಹೆಂಗಸು. ಚಿಂತೆಯೆಂಬ ಮುಳ್ಳುಗಿಡಗಳ ನಡುವೆ ಬಿದ್ದು, ಮೊಳೆತರೂ ಮೇಲೇಳದ ಬೀಜ. ಓದುವಷ್ಟು ಹೊತ್ತು ಹಗುರವಾಗುತ್ತಿತ್ತು. ಬಸ್ಸು ಹೊರಟೊಡನೆ ಮತ್ತೆ ಅದೇ ಚಿಂತೆ.

ಒಂಬತ್ತನೆಯ ದಿನವೋ ಹತ್ತನೆಯ ದಿನವೋ, ಬೈಬಲಿನ ಕೀರ್ತನೆಯೊಂದಕ್ಕೆ ಬಂದೆ. ಚಿಂತೆಯ ಭಾರವನ್ನು ದೇವರ ಮೇಲೆ ಹಾಕು ಎಂಬ ಸಾಲು ಅದರಲ್ಲಿದೆ. ಚಿಕ್ಕಂದಿನಿಂದ ನಮ್ಮ ಮನೆಯ ಗೋಡೆಯ ಮೇಲೆ ಅದು ತೂಗುತ್ತಿತ್ತು. ಟೀಚರ್ ಹೇಳಿದ್ದರೆಂದು ಮೊದಲಿನಿಂದ ಓದಿದೆ. ಹಾಗೆ ಪೂರ್ತಿ ಓದಿದ್ದು ಅದೇ ಮೊದಲು. ಆ ಭಾರ ಹೊತ್ತವನನ್ನು ನೋಯಿಸಿದ್ದು ವೈರಿಯಲ್ಲ. ವೈರಿಯಾಗಿದ್ದರೆ ತಾಳಿಕೊಳ್ಳುತ್ತಿದ್ದೆ ಎನ್ನುತ್ತಾನೆ. ಜೊತೆಯಲ್ಲಿ ಓಡಾಡಿದ ಗೆಳೆಯನೇ ಕೈಕೊಟ್ಟಿದ್ದ.

ಪೆನ್ನು ಹಿಡಿದು ಕೂತೆ. ಯಾರಿಗೆ ಚಿಂತೆ ಎಂಬಲ್ಲಿ ಅಷ್ಟು ದಿನ ಮನಸ್ಸಿನೊಳಗೆ ನನ್ನ ಹೆಸರನ್ನೇ ಬರೆದುಕೊಳ್ಳುತ್ತಿದ್ದೆ. ಈ ಅಧ್ಯಾಯದಲ್ಲಿ ಆ ಜಾಗ ಸಸ್ಪೆಂಡಾದ ಡ್ರೈವರಣ್ಣನದು. ನನ್ನ ಜಾಗ ಆ ಗೆಳೆಯನದು.

ಅಲ್ಲೇ ತಲೆ ಬಗ್ಗಿಸಿ ಪ್ರಾರ್ಥಿಸಿದೆ. ಏನನ್ನೂ ಬೇಡಲಿಲ್ಲ. "ಎರಡು ಸಲ ಊದಿದೆ. ತಿರುಗಿ ನೋಡಲಿಲ್ಲ. ನೆನಪಿದೆ" ಎಂದಷ್ಟೇ ಬಾಯಿಬಿಟ್ಟು ಹೇಳಿದೆ. ನನ್ನ ದನಿಯಲ್ಲೇ ಅದನ್ನು ಕೇಳಿದ್ದು ಅದೇ ಮೊದಲು. ಚಿಂತೆ ಸ್ವಲ್ಪ ಹಗುರವಾಯಿತು. ಪೂರ್ತಿ ಹೋಯಿತೆಂದರೆ ಸುಳ್ಳಾಗುತ್ತದೆ. ಅದೇ ಸೀಟಿನಲ್ಲಿ ಹೊಸ ಹೇಳಿಕೆ ಬರೆದೆ.

ಮರುದಿನ ರಜೆ ಹಾಕಿ ಹಾರನಹಳ್ಳಿಗೆ, ಡ್ರೈವರಣ್ಣನ ಮನೆಗೆ ಹೋದೆ. ತೋಟದಲ್ಲಿ ಬಿದ್ದ ತೆಂಗಿನ ಗರಿ ಎಳೆದು ರಾಶಿ ಹಾಕುತ್ತಿದ್ದರು.

"ಏನ್ಲಾ, ದಾರಿ ತಪ್ಪಿ ಬಂದ್ಯಾ?"

"ಅಣ್ಣ, ನಾನು ಎರಡು ಸಲ ಊದಿದ್ದೆ."

"ಅದ್ನ ನಂಗೆ ಹೇಳ್ತೀಯಲ್ಲೋ! ನನ್ ಕಿವಿ ನೆಟ್ಟಗೈತೆ. ಸಾಹೇಬ್ರಿಗೆ ಹೇಳ್ ಹೋಗು."

"ಬರ್ಕೊಂಡಿದೀನಿ. ನಾಳೆ ಕೊಡ್ತೀನಿ. ಮೊದ್ಲು ನಿಮಗೆ ತೋರ್ಸೋಣ ಅಂತ."

ಕೈ ಒರೆಸಿಕೊಂಡು ಓದಿದರು. ಓದಿ ಮತ್ತೊಮ್ಮೆ ಓದಿದರು. "ತಿರುಗಿ ನೋಡ್ಲಿಲ್ಲ ಅಂತ ಯಾಕ್ ಬರ್ದೆ? ಊದಿದೆ ಅಂತ ಅಷ್ಟೇ ಬರಿ. ನಿನ್ ಕೆಲ್ಸನೂ ಉಳೀಲಿ."

"ನೋಡ್ಲಿಲ್ಲ ಅಣ್ಣ."

ಕಾಗದ ಮಡಚಿ ವಾಪಸ್ ಕೊಟ್ಟರು. "ನಾಕು ಸಾಲು ಬರಿಯೋಕೆ ಹದಿನಾರು ದಿನ. ನನ್ ಹೆಂಡ್ತಿ ಹದಿನಾರು ದಿನದಿಂದ ನಿಂಗೆ ಶಾಪ ಹಾಕ್ತಾವ್ಳೆ ಕಣೋ. ಒಳಕ್ ಬರ್ಬೇಡ, ಇಲ್ಲಿಂದ್ಲೇ ಹೋಗು."

ವಿಚಾರಣೆಯ ದಿನ ಅಧಿಕಾರಿ ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದರು. ಹೆದರಿದ್ದೆ ಎಂದೆ. ಡ್ರೈವರಣ್ಣ ಆ ವಾರವೇ ಕೆಲಸಕ್ಕೆ ಮರಳಿದರು. ನನ್ನನ್ನು ಮೂರು ತಿಂಗಳು ಹೊರಗಿಟ್ಟು, ಆಮೇಲೆ ಬೇರೆ ಮಾರ್ಗಕ್ಕೆ ಹಾಕಿದರು. ಆ ಮೂರು ತಿಂಗಳಲ್ಲಿ ಮನೆಯಲ್ಲಿ ಕಷ್ಟವಿತ್ತು, ಆದರೆ ಕೈ ನಡುಗಲಿಲ್ಲ. ಅಜ್ಜಿಯನ್ನು ಎರಡು ಸಲ ನೋಡಿ ಬಂದೆ, ತಪ್ಪು ನನ್ನದೆಂದು ಹೇಳಿದೆ. ಕೋಲು ಹಿಡಿದು ನಡೆಯುತ್ತಾರೆ. ಅವರ ವಿಷಯದಲ್ಲಿ ನನಗೆ ಪೂರ್ತಿ ಸಮಾಧಾನವಿಲ್ಲ, ಅದು ಸಿಗಲೆಂದು ಬೇಡಿಕೊಳ್ಳುವುದೂ ಇಲ್ಲ.

ಈಗ ಕೆಲವೊಮ್ಮೆ ಹಳೇಬೀಡಿನ ಹತ್ತಿರ ಡ್ರೈವರಣ್ಣನ ಬಸ್ಸು ಎದುರಾಗುತ್ತದೆ. ಒಂದೊಂದು ದಿನ ಕೈ ಎತ್ತುತ್ತಾರೆ, ಒಂದೊಂದು ದಿನ ಸುಮ್ಮನೆ ಮುಂದೆ ಹೋಗುತ್ತಾರೆ. ನಾನು ಎರಡೂ ದಿನ ಕೈ ಎತ್ತುತ್ತೇನೆ.