ಮಾವಿನ ಕಡ್ಡಿಗೊಂದು ಚಾಕು

ಕಸಿ ಕಟ್ಟುವುದು ನನ್ನ ಕಸುಬು. ಬಸವಾಪಟ್ಟಣದ ಹೊರಗೆ ನಮ್ಮದೊಂದು ಸಣ್ಣ ನರ್ಸರಿ ಇದೆ. ಗಿಡ ಮಾರುವುದು ಗಂಡನ ಕೆಲಸ, ಬೆಳೆಸುವುದು ನನ್ನದು. ಇಷ್ಟು ವರ್ಷ ಈ ಕೆಲಸ ಮಾಡಿದರೂ ಚಾಕುವಿನ ಬಗ್ಗೆ ನಾನು ಹೆಚ್ಚು ತಲೆ ಕೆಡಿಸಿಕೊಂಡವಳಲ್ಲ. ಕೈಗೆ ಸಿಕ್ಕಿದ್ದನ್ನು ಕಲ್ಲಿಗೆ ಉಜ್ಜಿ ಕೆಲಸ ಸಾಗಿಸುತ್ತಿದ್ದೆ.

ನ್ಯಾಮತಿ ಕಡೆ ರಸ್ತೆಯಂಚಿನಲ್ಲಿ ಒಂದು ಹಳೇ ಮಾವಿನ ಮರವಿತ್ತು. ಅದರ ನೆರಳಿನಲ್ಲಿ ಒಬ್ಬ ಅಜ್ಜಿ ಸೊಸೆಯ ಜೊತೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುತ್ತಿದ್ದರು. ಆ ಮರದ ಹಣ್ಣು ಪೂರ್ತಿ ಮಾಗಿದರೂ ಸಿಪ್ಪೆ ಹಸಿರಾಗಿಯೇ ಇರುತ್ತಿತ್ತು. ಕಾಯಿ ಎಂದುಕೊಂಡು ಕೊಯ್ದರೆ ಒಳಗೆ ಕುಂಕುಮದಂಥ ಬಣ್ಣ. ಮೊದಲ ಸಲ ತಿಂದಾಗ ಅಲ್ಲೇ ನಿಂತು ಇನ್ನೊಂದನ್ನು ಕೇಳಿ ತಿಂದಿದ್ದೆ. ಅಂಥ ಹಣ್ಣನ್ನು ಬೇರೆಲ್ಲೂ ಕಂಡಿಲ್ಲ.

ಒಂದು ದಿನ ಅಜ್ಜಿಯ ಫೋನು ಬಂತು. "ರಸ್ತೆ ಅಗಲ ಮಾಡ್ತಾರಂತೆ ಕಣವ್ವ. ಮರಕ್ಕೆ ಬಣ್ಣದ ಗುರುತು ಹಾಕಿ ಹೋದ್ರು. ಮರ ಹೋದ್ರೆ ಹೋಗ್ಲಿ, ಅದರ ಕೂಸೊಂದು ಉಳೀಬೇಕು. ಏನಾರ ಮಾಡಾಕೆ ಬರ್ತೈತಾ?"

ಬರುತ್ತದೆ ಎಂದೆ. ಹೋಗಿ ಆ ಮರದ ಕಡ್ಡಿ ತಂದು ನಮ್ಮ ನಾಟಿ ಮಾವಿನ ಸಸಿಗಳಿಗೆ ಕಸಿ ಕಟ್ಟಿದೆ. ಒಂದೂ ಚಿಗುರಲಿಲ್ಲ. ಎಲ್ಲ ಕಪ್ಪಗಾಗಿ ಒಣಗಿದವು. ಕಸಿಗೆ ಸುತ್ತಿದ್ದ ಪಟ್ಟಿ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದರೆ ಕಾರಣ ಕಣ್ಣೆದುರೇ ಇತ್ತು. ನನ್ನ ಚಾಕು ಮರವನ್ನು ಕೊಯ್ದಿರಲಿಲ್ಲ, ಜಜ್ಜಿತ್ತು. ಮುದಿ ಮರದ ಕಡ್ಡಿ ಗಟ್ಟಿ. ಎರಡು ಕಡ್ಡಿ ಕೊಯ್ಯುವಷ್ಟರಲ್ಲೇ ಅಲಗು ಮೊಂಡಾಗಿತ್ತು. ಎರಡು ಗಾಯಗಳ ನಡುವೆ ಕೂದಲೆಳೆಯ ಸಂದಿದ್ದರೂ ಗಿಡ ಕೂಡುವುದಿಲ್ಲ.

ಮತ್ತೆ ನ್ಯಾಮತಿಗೆ ಹೋಗಿ, ಮರದಲ್ಲಿ ಉಳಿದಿದ್ದ ಕೆಲವೇ ಒಳ್ಳೆಯ ಕಡ್ಡಿಗಳ ಎಲೆ ಮಾತ್ರ ಕಿತ್ತು ಬಂದೆ. ಹಾಗೆ ಮಾಡಿದರೆ ಕೆಲವು ದಿನಗಳಲ್ಲಿ ಮೊಗ್ಗು ಉಬ್ಬಿ ಕಡ್ಡಿಗಳು ಕಸಿಗೆ ಸಿದ್ಧವಾಗುತ್ತವೆ. ಅಷ್ಟರೊಳಗೆ ಒಂದು ಒಳ್ಳೆಯ ಚಾಕು ಬೇಕಿತ್ತು. ಜೇಬಿನಲ್ಲಿಟ್ಟುಕೊಂಡು ತಿರುಗುವಂಥದ್ದು, ದಿನದ ಕೆಲಸಕ್ಕೂ ಆಗುವಂಥದ್ದು.

ಗಂಡನ ಜೊತೆ ಹೊನ್ನಾಳಿಗೆ ಹೊರಟೆ. ಹೊರಡುವಾಗ ನಮ್ಮ ಗಿಡದ ಗಟ್ಟಿ ಮಾವಿನ ಕಡ್ಡಿಗಳನ್ನು ಚೀಲಕ್ಕೆ ಹಾಕಿಕೊಂಡೆ. ಅಲ್ಲಿನ ಚಾಕು ಅಂಗಡಿಯ ಸಾಹೇಬರು ಮಡಚುವ ಚಾಕುಗಳನ್ನೆಲ್ಲ ಬಟ್ಟೆಯ ಮೇಲೆ ಹರಡಿದರು. ಗಂಡನ ಕಣ್ಣು ಕನ್ನಡಿಯಂತೆ ಹೊಳೆಯುವ ಒಂದರ ಮೇಲೆ ಬಿತ್ತು. ಅದರಲ್ಲಿ ಕತ್ತರಿ, ಸ್ಕ್ರೂಡ್ರೈವರ್, ಬಾಟಲಿ ತೆಗೆಯುವುದು ಎಲ್ಲ ಇತ್ತು.

"ಇದನ್ನೇ ತಗೋ, ಎಲ್ಲಾ ಐತೆ ಇದ್ರಾಗೆ," ಎಂದ.

"ನಂಗೆ ಕೊಯ್ಯೋದೊಂದೇ ಬೇಕು," ಎಂದೆ.

ಸಾಹೇಬರನ್ನು ಕೇಳಿ ಒಂದೊಂದೇ ಚಾಕುವಿನಿಂದ ಕಡ್ಡಿ ಕೊಯ್ದು ನೋಡುತ್ತಾ ಹೋದೆ. ಹೊಳೆಯುವ ಚಾಕು ಮೊದಲೆರಡು ಸಲ ಸಲೀಸಾಗಿ ಹೋಯಿತು. ಆಮೇಲೆ ಅಲಗಿನ ಬಾಯಿಯನ್ನು ಬೆಳಕಿಗೆ ಹಿಡಿದರೆ ಅಂಚಿನುದ್ದಕ್ಕೂ ಬಿಳಿ ಗೆರೆ ಮಿನುಗಿತು. ಹರಿತವಾದ ಅಂಚು ಬೆಳಕನ್ನು ಹಿಂದಕ್ಕೆ ಕೊಡುವುದಿಲ್ಲ. ಮಿನುಗಿತೆಂದರೆ ಮೊಂಡಾಯಿತೆಂದೇ ಅರ್ಥ. ಇನ್ನೊಂದರ ಅಲಗು ಒಳ್ಳೆಯದೇ, ಆದರೆ ಕೀಲು ಸಡಿಲ, ಒತ್ತಿದರೆ ಅಲ್ಲಾಡುತ್ತಿತ್ತು.

ಕೊನೆಗೆ ಮೂಲೆಯಲ್ಲಿದ್ದ, ಮರದ ಹಿಡಿಯ, ಮಂಕು ಬೂದು ಬಣ್ಣದ ಒಂದನ್ನು ಎತ್ತಿಕೊಂಡೆ. ಒಂದೇ ಅಲಗು, ಬೇರೆ ಏನೂ ಇಲ್ಲ.

"ಅದು ಕಾರ್ಬನ್ ಉಕ್ಕು ಅಕ್ಕಾ," ಎಂದರು ಸಾಹೇಬರು. "ಸ್ಟೇನ್‌ಲೆಸ್ ಅಲ್ಲ. ಒದ್ದೆ ಬಿಟ್ರೆ ತುಕ್ಕು ಹಿಡೀತೈತೆ, ಆಮ್ಯಾಲೆ ನನ್ನ ಬೈಬ್ಯಾಡ್ರಿ. ಒರೆಸಿ, ಒಂದು ಹನಿ ಎಣ್ಣೆ ಹಚ್ಚಿ ಇಡಬೇಕು."

ಕಡ್ಡಿಯ ಮೇಲಿಟ್ಟು ಎಳೆದೆ. ಸದ್ದೇ ಆಗಲಿಲ್ಲ. ಕೊಯ್ದ ಮುಖ ನೀರಿನ ಮೇಲ್ಮೈಯಂತೆ ನುಣ್ಣಗಿತ್ತು. ತಂದಿದ್ದ ಕಡ್ಡಿಗಳೆಲ್ಲ ಮುಗಿದರೂ ಕೊಯ್ತ ಹಾಗೆಯೇ ಇತ್ತು. ಬೆಳಕಿಗೆ ಹಿಡಿದೆ. ಗೆರೆಯೇ ಇಲ್ಲ, ಅಂಚೇ ಕಾಣುವುದಿಲ್ಲ. ಅಷ್ಟು ಗಟ್ಟಿಯಾದ ಉಕ್ಕು ಒಂದು ಕಡೆ ಸಣ್ಣಗಾಗುತ್ತಾ ಹೋಗಿ ಕಣ್ಣಿಗೇ ಸಿಗದ ಹಾಗೆ ಮುಗಿದುಹೋಗಿತ್ತು. ಇದೇ ಸಾಕು ಎಂದೆ. ಗಂಡನೂ ತನ್ನ ಕೈಲಿದ್ದ ಹೊಳೆಯುವ ಚಾಕುವನ್ನು ಮೆಲ್ಲಗೆ ಕೆಳಗಿಟ್ಟ.

ಮೊಗ್ಗು ಉಬ್ಬುವ ಹೊತ್ತಿಗೆ ನ್ಯಾಮತಿಗೆ ಹೋದರೆ ಮರ ಕಡಿಯುವವರು ಆಗಲೇ ಬಂದಿದ್ದರು. ಅಜ್ಜಿ ಅವರಿಗೆಲ್ಲ ಬಜ್ಜಿ ಕೊಟ್ಟು ಕೂರಿಸಿದ್ದರು.

"ತಿನ್ರಪ್ಪ, ನಿಧಾನಕ್ಕೆ ತಿನ್ರಿ. ಈಕೆ ಕೆಲಸ ಮುಗೀಲಿ, ಆಮ್ಯಾಲೆ ನಿಮ್ದು."

ಅವರಲ್ಲೊಬ್ಬ ತಾನೇ ಮರ ಹತ್ತಿ, ನಾನು ತೋರಿಸಿದ ಕೊಂಬೆಯನ್ನು ಇಳಿಸಿಕೊಟ್ಟ. ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬೈಕು ಹತ್ತುವಾಗ ಹಿಂದೆ ಗರಗಸದ ಸದ್ದು ಶುರುವಾಯಿತು. ನಾನು ತಿರುಗಿ ನೋಡಲಿಲ್ಲ.

ಅವತ್ತು ಸಂಜೆಯೇ ಕಸಿ ಕಟ್ಟಿದೆ. ಸಸಿಯ ತಲೆ ಕತ್ತರಿಸಿ, ಮಧ್ಯಕ್ಕೆ ಸೀಳಿ, ಕಡ್ಡಿಯ ಬುಡವನ್ನು ಬೆಣೆಯ ಹಾಗೆ ಕೊಯ್ದು ಒಳಗೆ ಕೂರಿಸಿದರೆ ತೊಗಟೆಯ ಗೆರೆಗೆ ಗೆರೆ ಸೇರಿ ಸಂದೇ ಕಾಣುತ್ತಿರಲಿಲ್ಲ. ಮೇಲೆ ಪಟ್ಟಿ ಬಿಗಿದೆ. ಮಾವಿನ ಸೊನೆ ತಾಗಿ ಅಲಗಿನ ಮೇಲೆ ನೀಲಿ, ನೇರಳೆ ಬಣ್ಣದ ಮೋಡಗಳು ಎದ್ದಿದ್ದವು. ಎಷ್ಟು ಒರೆಸಿದರೂ ಹೋಗಲಿಲ್ಲ. ಹೋಗದಿದ್ದರೇ ಒಳ್ಳೆಯದು ಅನ್ನಿಸಿತು, ಅಷ್ಟು ಚೆಂದವಿದ್ದವು.

ಮೂರ್ನಾಲ್ಕು ವಾರ ದಿನಾ ಬೆಳಗ್ಗೆ ಎದ್ದ ಕೂಡಲೇ ಅಲ್ಲಿಗೇ ಹೋಗುತ್ತಿದ್ದೆ. ಒಂದು ಬೆಳಗ್ಗೆ ಕಡ್ಡಿಯ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು. ಪಕ್ಕದ್ದರಲ್ಲೂ ಇತ್ತು. ಅದರಾಚೆಯದರಲ್ಲೂ. ಅಲ್ಲಿ ಕಟ್ಟಿಗೆಯಾಗಿ ಬಿದ್ದ ಮರ ಇಲ್ಲಿ ಬೇರೆ ಬೇರಿನ ಮೇಲೆ ನಿಂತು ಉಸಿರಾಡುತ್ತಿತ್ತು. ಇದು ದಿನಾ ಮಾಡುವ ಕೆಲಸವೇ. ಆದರೂ ಅವತ್ತು ಮಣ್ಣಿನಲ್ಲಿ ಹಾಗೇ ಕೂತುಬಿಟ್ಟೆ.

ಮರುವರ್ಷ ಮಳೆ ಹಿಡಿದ ಮೇಲೆ ಗಿಡ ತೆಗೆದುಕೊಂಡು ಹೋದೆ. ಅಜ್ಜಿಯ ಅಂಗಡಿ ಈಗ ತಗಡಿನ ಚಪ್ಪರದ ಕೆಳಗೆ ನಡೆಯುತ್ತಿತ್ತು. ಅವರು ಗಿಡವನ್ನು ತೊಡೆಯ ಮೇಲಿಟ್ಟುಕೊಂಡು ಕಾಂಡದುದ್ದಕ್ಕೂ ಹೆಬ್ಬೆರಳು ಆಡಿಸಿದರು.

"ಎಲ್ಲಿ ಕೂಡೈತೆ? ನಿಮ್ಮ ಗಿಡ ಎಲ್ಲೀಗಂಟ, ನಮ್ದು ಎಲ್ಲಿಂದ? ನಂಗೇನೂ ಕಾಣಾಕಿಲ್ಲ."

ತೋರಿಸೋಣವೆಂದು ಬಗ್ಗಿದೆ. ನನಗೂ ಚಟ್ಟನೆ ಸಿಗಲಿಲ್ಲ.